ತಪ್ಪಿನ ಪುಸ್ತಕದ ವಾರಿಜಾ ಟೀಚರ್

ವಾರಿಜಾ ಟೀಚರ್ ಹೋದರಂತೆ...
ಬೆಳಿಗ್ಗೆ ಅವರ ತಮ್ಮ ಫೋನ್ ಮಾಡಿದಾಗ "ಯಾವ ವಾರಿಜಾ?" ಎಂದು ಗದರಿಬಿಟ್ಟೆ.
ಮೊನ್ನೆ ಗುರುವಾರವಷ್ಟೇ ಕಲ್ಯಾಣ್ ಊರಿನ ಅವರ ಮನೆಯಲ್ಲಿ ಚಹಾ ಕುಡಿದು ಬಂದವಳು ನಾನು.
ಹಾರ್ಟ್ ಅಟ್ಯಾಕ್ ಅಂತೆ... ಹೇಗೆ ನಂಬಲಿ?

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಕನ್ನಡ ಸಂಘದ ಕೋಣೆಯಲ್ಲಿ ಆರು ವರ್ಷ ಕಾಲ ಮಕ್ಕಳಿಗೆ ಟ್ಯೂಷನ್ ಹೇಳಿಕೊಟ್ಟವರು ಅವರು.
ಅವರ ಕ್ಲಾಸಿನಲ್ಲಿ ಪ್ರತಿ ಉತ್ತರದ ಪಕ್ಕದಲ್ಲೇ ಮಗು ಬರೆಯಬೇಕು... ಖಾತ್ರಿಯೋ, ಅನುಮಾನವೋ, ಬರೀ ಅಂದಾಜೋ.
ತಪ್ಪಾದರೆ ಅಳಿಸುವಂತಿಲ್ಲ.
ಆಗ ತಲೆಯಲ್ಲಿ ಏನು ಓಡುತ್ತಿತ್ತು, ಎಲ್ಲಿ ದಾರಿ ತಪ್ಪಿತು, ಮುಂದಿನ ಸಲ ಹೇಗೆ ಓದುತ್ತೇನೆ... ಇದಕ್ಕೆಂದೇ ಬೇರೆ ಪುಸ್ತಕ.
ಮಕ್ಕಳು ಅದನ್ನು 'ತಪ್ಪಿನ ಪುಸ್ತಕ' ಎನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಶಾರದಾ ಪೂಜೆಗೆ ಮಕ್ಕಳು ದೇವಿಯ ಮುಂದೆ ಆ ಪುಸ್ತಕಗಳನ್ನೇ ಇಟ್ಟರು.
ಮಹಿಳಾ ವಿಭಾಗದ ಅಧ್ಯಕ್ಷೆ ನಾನು. ಎಲ್ಲವನ್ನೂ ಎತ್ತಿ ಬದಿಗಿಟ್ಟೆ.
"ಎಂತ ಟೀಚರೇ ಇದು? ದೇವರಿಗೆ ಕೊಳೆತ ಹಣ್ಣು ಇಡ್ತಾರಾ ಯಾರಾದ್ರೂ?"
"ಸರಿ ಇದ್ದದ್ದು ತೋರಿಸಿ ಎಂತ ಮಾಡುದು ಅಕ್ಕ? ಡಾಕ್ಟ್ರ ಹತ್ರ ಹೋಗಿ ನೋವಿಲ್ಲದ ಹಲ್ಲು ತೋರಿಸ್ತೀರಾ ನೀವು?"
ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.
ಮರುವಾರವೇ ಕ್ಲಾಸ್ ನಿಲ್ಲಿಸಿ ಕೋಣೆಗೆ ಬೀಗ ಹಾಕಿಸಿದೆ.
ಕಪಾಟಿನಲ್ಲಿದ್ದ ತಪ್ಪಿನ ಪುಸ್ತಕಗಳನ್ನೆಲ್ಲ ರದ್ದಿಯವನಿಗೆ ಕೊಟ್ಟೆ.

ಟೀಚರೇ...
ನಿಮ್ಮ ಹತ್ತಿರ ಕಲಿಯುತ್ತಿದ್ದ ನನ್ನ ಮೊಮ್ಮಗಳನ್ನು ಬೋರ್ಡ್ ಹಾಕಿದ ದೊಡ್ಡ ಕೋಚಿಂಗ್ ಕ್ಲಾಸಿಗೆ ಸೇರಿಸಿದೆ. ಎಲ್ಲ ಬಾಯಿಪಾಠ.
ಹತ್ತನೆಯ ತರಗತಿಯ ಪ್ರಿಲಿಮ್ಸ್ ಪರೀಕ್ಷೆಗೆ ಮುಂಚೆ ಕೇಳಿದರೆ, "ಸಬ್ ಆತಾ ಹೈ, ಅಜ್ಜಿ!" ಎಲ್ಲ ಬರುತ್ತದಂತೆ.
ಮೂರು ಸಬ್ಜೆಕ್ಟ್ ಫೇಲ್.
ಅವಳು ಸುಳ್ಳು ಹೇಳಿದ್ದಲ್ಲ. ಯಾವುದು ಬರುವುದಿಲ್ಲ ಎಂಬುದೇ ಅವಳಿಗೆ ತಿಳಿದಿರಲಿಲ್ಲ.
ನಿಮ್ಮ ಹತ್ತಿರ ಇದ್ದಾಗ ತಿಳಿಯುತ್ತಿತ್ತು.

ಗುರುವಾರ ಕೋಣೆಯ ಕೀಲಿ ಹಿಡಿದು ನಿಮ್ಮಲ್ಲಿಗೆ ಬಂದದ್ದು ಅದಕ್ಕೇ.
ಕ್ಷಮೆ ಕೇಳಿ ನನಗೆ ಅಭ್ಯಾಸವಿಲ್ಲ. ನೀವೂ ಅದಕ್ಕೆ ಕಾಯಲಿಲ್ಲ.
"ಸೋಮವಾರದಿಂದ ಬರ್ತೇನೆ ಅಕ್ಕ. ಕಪಾಟಿನಲ್ಲಿ ಮಕ್ಕಳ ತಪ್ಪಿನ ಪುಸ್ತಕ ಉಂಟಲ್ಲ, ತೆಗೆದಿಡಿ. ಅಲ್ಲಿಂದಲೇ ಶುರು ಮಾಡುವ" ಅಂದಿರಿ.
ರದ್ದಿಗೆ ಹಾಕಿದೆನೆಂದು ಆಗ ಹೇಳಲಿಲ್ಲ.
ಸೋಮವಾರ ಹೇಳೋಣ ಎಂದುಕೊಂಡೆ...

ಸೋಮವಾರದಿಂದ ಕ್ಲಾಸ್ ಎಂದು ಮಕ್ಕಳ ಮನೆಗಳಿಗೆ ತಿಳಿಸಿದ್ದೆ. ಬೆಳಿಗ್ಗೆಯಿಂದ ಆ ತಾಯಂದಿರ ಫೋನ್. ಬೇರೆ ಟೀಚರ್ ಸಿಗುತ್ತಾರಾ ಎಂದು.
ಸೂತ್ರ ಹೇಳಿಕೊಡುವವರು ಈ ಊರಲ್ಲಿ ಗಲ್ಲಿಗೊಬ್ಬರು ಸಿಗುತ್ತಾರೆ.
ತಾನು ಹೇಗೆ ಯೋಚಿಸುತ್ತಿದ್ದೇನೆ ಎಂದು ಮಗು ತಾನೇ ನೋಡಿಕೊಳ್ಳುವಂತೆ ಮಾಡುತ್ತಿದ್ದವರು ನನಗೆ ತಿಳಿದಂತೆ ಇವರೊಬ್ಬರೇ.
ಅದನ್ನು ಅವರು ಬೇರೆ ಯಾರಿಗೂ ಕಲಿಸಿರಲಿಲ್ಲ. ಸಮಯ ಇತ್ತು... ಕೋಣೆ ಇರಲಿಲ್ಲ.

ಮೊಮ್ಮಗಳಿಗೆ ಸುದ್ದಿ ಹೇಳಿದೆ.
"ಅಬ್ ಮೈ ಕೈಸೆ ಪಢೂಂ, ಅಜ್ಜಿ?" ಇನ್ನು ಹೇಗೆ ಓದಲಿ ಎಂದು ಕೇಳಿದಳು.
ಈ ಮನೆಯಲ್ಲಿ ಎಲ್ಲದಕ್ಕೂ ಉತ್ತರ ಕೊಡುತ್ತಾ ಬಂದವಳು ನಾನು.
"ನನಗೆ ಗೊತ್ತಿಲ್ಲ ಮಗಾ" ಎಂದೆ.

ಸೋಮವಾರ ಕ್ಲಾಸ್ ಇರುವುದಿಲ್ಲ. ಮಕ್ಕಳನ್ನು ಕಳಿಸಬೇಡಿ.

ಹೋದಲ್ಲಿ ನಿಮ್ಮ ಜೀವ ತಂಪಾಗಿರಲಿ, ಟೀಚರೇ...