ಗೌರವ ಕ್ಯಾಪ್ಟನ್ ಯಾವ ವರ್ಗ?

ಅಂತರ್ಜಾಲದಲ್ಲಿ ಯಾರು ಬೇಕಾದರೂ ತಿದ್ದಬಹುದಾದ ಮಾಹಿತಿಕೋಶವೊಂದಿದೆ. ಪ್ರತಿಯೊಂದು ವಿಷಯವೂ ಯಾವ ವರ್ಗಕ್ಕೆ ಸೇರಿದ್ದೆಂದು ಅಲ್ಲಿ ಗುರುತಿಸಬೇಕು. ಶ್ರೀರಂಗಪಟ್ಟಣದ ಮನೆಯಲ್ಲಿ ಅಡುಗೆ ಮುಗಿಸಿ ನಾನು ಮಾಡುವುದು ಅದೇ ಕೆಲಸ. ಕಳೆದ ವರ್ಷ ಪ್ರಶಸ್ತಿ, ಬಿರುದು, ಸೇನೆಯ ದರ್ಜೆಗಳನ್ನು ಬೇರ್ಪಡಿಸುತ್ತಿದ್ದೆ.

‘ಗೌರವ ಕ್ಯಾಪ್ಟನ್’ ದರ್ಜೆಗಳ ಜೊತೆಗಿತ್ತು. ಅದು ಕೆಲವು ಸುಬೇದಾರರಿಗೆ ಮನ್ನಣೆಯಾಗಿ ಸಿಗುವಂಥದ್ದು, ಹಾಗಾಗಿ ಪ್ರಶಸ್ತಿ ಎಂದುಕೊಂಡು ಅತ್ತ ಸರಿಸಿದೆ. ಸರಿಸಿದ ಮೇಲೆ ಚಿಕ್ಕಪ್ಪ ನೆನಪಾದರು.

ಪಾಂಡವಪುರದ ಚಿಕ್ಕಪ್ಪ ನಮ್ಮ ಬಡಗಿ ಮನೆತನದಿಂದ ಸೈನ್ಯಕ್ಕೆ ಹೋದ ಮೊದಲಿಗರು. ಸಿಪಾಯಿಯಾಗಿ ಸೇರಿ ಗೌರವ ಕ್ಯಾಪ್ಟನ್ ಆಗಿ ಬಂದವರು. ಬೀದಿಗೆಲ್ಲ ಅವರು ಕ್ಯಾಪ್ಟನ್ನೋರೇ.

ಆ ವಾರವೇ ಅವರ ಫೋನು ಬಂತು. “ನಿನ್ತಾವ ಒಂದ್ಮಾತು ಕೇಳ್ಬೇಕು, ಬಂದೋಗವ್ವ,” ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಬಸ್ಸಿನುದ್ದಕ್ಕೂ ಏನು ಹೇಳುವುದೆಂದು ಮನಸ್ಸಿನಲ್ಲೇ ಜೋಡಿಸುತ್ತ ಹೋದೆ. ಇಳಿಯುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ.

ಜಗಲಿಯಲ್ಲಿ ಕೂತಿದ್ದ ಚಿಕ್ಕಪ್ಪ ಮೊಬೈಲು ಮುಂದಿಟ್ಟರು. “ನಿನ್ ಕೆಲ್ಸ ಎಂಗದೆ ಅಂತ ನೋಡ್ದೆ. ನಂದು ರ್‍ಯಾಂಕಲ್ಲಿ ಇಲ್ವಲ್ಲ, ಯಾರು ತೆಗ್ದವ್ರೆ?”

“ನಾನೇ ಚಿಕ್ಕಪ್ಪ.”

ಅವರು ದನಿ ಏರಿಸಲಿಲ್ಲ. “ಅಂಗಾರೆ ಇಷ್ಟ್ ದಿನ ಜನ ಸುಮ್ನೆ ಕರೀತಿದ್ರಾ?”

ಮಜ್ಜಿಗೆ ತಂದ ಚಿಕ್ಕಮ್ಮ ಇಬ್ಬರ ಮುಖವನ್ನೂ ನೋಡಿ ಒಳಗೆ ಹೋದರು. ಆ ಗೌರವ ನಿವೃತ್ತಿಯ ದಿನವೇ ಕೊಟ್ಟರಾ ಎಂದು ಕೇಳಿದೆ.

“ಇಲ್ಲ ಕಣವ್ವ, ಮೊದ್ಲೇ. ಹೆಗಲ ಮೇಲೆ ಸ್ಟಾರ್ ಹಾಕ್ಕಂಡು ಡ್ಯೂಟಿ ಮಾಡಿವ್ನಿ.”

ನನಗೆ ಅದು ಗೊತ್ತಿರಲಿಲ್ಲ. ಅಲ್ಲೇ ಕೂತು, ದರ್ಜೆಯೂ ಹೌದು ಮನ್ನಣೆಯೂ ಹೌದು ಎಂದು ಎರಡೂ ವರ್ಗ ಹಾಕಿದೆ. ಊರಿಗೆ ಬರುವಷ್ಟರಲ್ಲಿ ಎಲ್ಲಿಯವರೋ ಒಬ್ಬ ಸಂಪಾದಕರು ಅದನ್ನು ಅಳಿಸಿ, ಆಧಾರ ಕೊಡಿ ಎಂದು ಬರೆದಿದ್ದರು. ಚಿಕ್ಕಪ್ಪನ ಮಾತು ಅಲ್ಲಿ ಆಧಾರವಾಗುವುದಿಲ್ಲ. ಚಿಕ್ಕಪ್ಪ ಮತ್ತೆ ನೋಡಿಬಿಟ್ಟರೆ ಎಂದು ಅಂದೇ ಆಧಾರ ಹುಡುಕಲು ಕೂತೆ. ಹುಡುಕಿ ಹುಡುಕಿ ಕೊನೆಗೆ, ಅದನ್ನು ದರ್ಜೆ ಎಂದೂ ಹೇಳುವ ಸೇನೆಯ ಪ್ರಕಟಣೆಯೊಂದು ಸಿಕ್ಕಿತು. ಅದನ್ನು ಲಗತ್ತಿಸಿ ಮತ್ತೆ ಕಾದೆ. ಆ ಸಂಪಾದಕರು ಒಪ್ಪಿದರು.

ಚಿಕ್ಕಪ್ಪನಿಗೆ ಫೋನು ಮಾಡಿ ತಿಳಿಸಿದೆ.

“ಎರಡ್ರಲ್ಲೂ ಅದಾ? ಯಾವ್ದು ಮೊದ್ಲು?”

“ರ್‍ಯಾಂಕು.”

“ಸರಿ ಬುಡು,” ಎಂದರು. ಸಮಾಧಾನವಾಯಿತೋ ಇಲ್ಲವೋ ಆ ದನಿಯಲ್ಲಿ ತಿಳಿಯಲಿಲ್ಲ.

ಪಟ್ಟಿಯಲ್ಲಿ ಮುಂದಿನದನ್ನು ತೆರೆದೆ. ಗೌರವ ಲೆಫ್ಟಿನೆಂಟ್. ದರ್ಜೆಯೋ ಪ್ರಶಸ್ತಿಯೋ, ಯಾವ ಗುಂಡಿ ಒತ್ತಲೂ ಬೆರಳು ಹೋಗಲಿಲ್ಲ.