ಖಾಲಿ ಟ್ಯಾಂಕಿನ ಬೆಳಕು

ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ನಾಸಿಕದ ಮನೆಯಲ್ಲಿ ಅವ್ವ ದೆವ್ವದ ಮಾತು ತೆಗೆದರೆ ನಕ್ಕುಬಿಡುತ್ತಿದ್ದೆ. ಈಗ ಹೇಳುವುದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ಸಂಭಾಜಿನಗರದ ಔಷಧ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೆ. ಎರಡಾಳೆತ್ತರದ ಉಕ್ಕಿನ ಟ್ಯಾಂಕುಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಔಷಧಕ್ಕೆ ಬೇಕಾದ ಪ್ರೋಟೀನ್ ತೆಗೆಯುತ್ತಿದ್ದೆವು. ಪ್ರೋಟೀನ್ ತಯಾರಾದಂತೆ ತಾವೂ ಮಂದವಾಗಿ ಮಿನುಗುವಂತೆ ಆ ಜೀವಕೋಶಗಳ ಜೀನ್ ತಿದ್ದಲಾಗಿತ್ತು. ಟ್ಯಾಂಕಿನ ಗಾಜಿನ ಕಿಂಡಿಗೆ ಕೂರಿಸಿದ ಸೆನ್ಸರ್ ಆ ಬೆಳಕನ್ನು ಅಳೆಯುತ್ತಿತ್ತು. ಪರದೆಯ ಮೇಲೆ ಅದರ ಗೆರೆ ಏರುವುದನ್ನು, ಇಳಿಯುವುದನ್ನು ನೋಡುವುದೇ ನನ್ನ ಕೆಲಸ.

ಅವತ್ತು ಮಧ್ಯಾಹ್ನ ಒಂದು ಟ್ಯಾಂಕನ್ನು ಬರಿದು ಮಾಡಿ, ಬಿಸಿ ಉಗಿ ಹಾಯಿಸಿ, ತಣ್ಣಗಾಗಲು ಬಿಟ್ಟಿದ್ದೆವು. ಒಳಗೆ ಒಂದು ಜೀವಕೋಶವೂ ಉಳಿದಿರಲು ಸಾಧ್ಯವಿರಲಿಲ್ಲ. ಒಳಗಿಳಿದು ರಿಪೇರಿ ಮಾಡಬೇಕಿದ್ದವರು ಫಿಟ್ಟರ್ ಬಸವರಾಜ ಕಾಕಾ, ಬೀದರ್ ಕಡೆಯವರು. ಗಾಳಿ ಪರೀಕ್ಷಿಸುವ ಮೀಟರ್ ಬೇರೆ ವಿಭಾಗಕ್ಕೆ ಹೋಗಿತ್ತು. ಅದಕ್ಕೆ ಕಾಯದೆ ಅವರು ಏಣಿ ಹತ್ತಿ ಮುಚ್ಚಳದ ಬೋಲ್ಟ್ ಸಡಿಲಿಸತೊಡಗಿದರು. ಆಗ ಪರದೆಯ ಗೆರೆ ಏರಿತು.

ಸೆನ್ಸರ್ ಕೆಟ್ಟಿರಬೇಕೆಂದು ಅದನ್ನು ಕಳಚಿ ಕಿಂಡಿಯಲ್ಲಿ ಇಣುಕಿದೆ. ಮುಚ್ಚಳ ಇನ್ನೂ ತೆರೆದಿರಲಿಲ್ಲ. ಕತ್ತಲೆಯ ತಳದಲ್ಲಿ ನೀಲಿ-ಹಸಿರು ಬೆಳಕೊಂದು ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು.

"ಕಾಕಾ, ನಿಲ್ರಿ! ಒಳಗ ಬೆಳಕ್ ಅದ."

"ಉಗಿ ಹೊಡದೀವಲ್ರಿ ಮೇಡಂ, ಏನ್ ಉಳದಿರ್ತದ? ಐದ್ ಮಿನಿಟ್ ಕೆಲಸ ಅದ, ಲಗೇಚ್ ಮುಗಸ್ತೀನಿ" ಎನ್ನುತ್ತ ಇಳಿದು ಬಂದು ಅವರೂ ಇಣುಕಿದರು. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. "ಉಸರಾಡ್ಲಾಕತ್ತದಲ್ರೀ ಇದು" ಎಂದರು ಮೆಲ್ಲಗೆ. ಆಮೇಲೆ ಏಣಿಯತ್ತ ಹೊರಟರು. ತೋಳು ಹಿಡಿದು ನಿಲ್ಲಿಸಿದೆ.

ಉಗಿ ಸರಿಯಾಗಿ ಹಾಯ್ದಿಲ್ಲವೆಂದೇ ನಾನು ತಿಳಿದದ್ದು. ಹಾಗಿದ್ದರೆ ಒಳಗಿನ ಗಾಳಿಯನ್ನೂ ನಂಬುವಂತಿರಲಿಲ್ಲ. ಮೀಟರ್ ತರಿಸಿ, ಮುಚ್ಚಳ ತೆಗೆದು, ಅದರ ಕೊಳವೆಯನ್ನು ಒಳಗೆ ಇಳಿಬಿಟ್ಟೆವು. ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ ಇತ್ತು. ಕೆಟ್ಟ ವಾಲ್ವ್‌ನಿಂದ ಸೋರಿದ ನೈಟ್ರೋಜನ್ ಟ್ಯಾಂಕನ್ನು ತುಂಬಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇಳಿದಿದ್ದರೆ ಕಾಕಾ ಎರಡು ಉಸಿರಿಗೆ ಕುಸಿಯುತ್ತಿದ್ದರು. ಬೆಳಕು ಅಷ್ಟರಲ್ಲಿ ಆರಿತ್ತು.

ಎಲ್ಲರೂ ನನ್ನನ್ನು ಹೊಗಳಿದರು. ನಾನು ಮಾತ್ರ ಪರದೆಯ ಮೇಲಿನ ಆ ಗೆರೆಯನ್ನೇ ಮತ್ತೆ ತೆಗೆದು ನೋಡಿದೆ. ಆ ಜೀವಕೋಶಗಳು ಬದುಕಿದ್ದರೂ ಆಮ್ಲಜನಕವಿಲ್ಲದೆ ಮಿನುಗಲಾರವು. ಟ್ಯಾಂಕಿನ ಒಳಗೋಡೆ ಒರೆಸಿ ತಂದ ಮಾದರಿಯಲ್ಲೂ ಏನೂ ಬೆಳೆಯಲಿಲ್ಲ.

ಯಾವುದೋ ಶಕ್ತಿ ಅವರನ್ನು ಕಾಪಾಡಿತೆಂದು ನಂಬಿ ಸುಮ್ಮನಾಗುತ್ತಿದ್ದೆನೇನೋ. ಆದರೆ ಮರುದಿನ ಚಹಾ ಕುಡಿಯುವಾಗ ಕಾಕಾ ನೆಲ ನೋಡುತ್ತ ಹೇಳಿದರು: "ಮೇಡಂ, ಆ ಬೆಳಕ್ ನೋಡಿದ ಮ್ಯಾಲ ನನಗ ಇನ್ನಾ ಲಗೂನ ಒಳಗ ಇಳೀಬೇಕ್ ಅನಸ್ತಿತ್ರಿ. ನೀವ್ ಕೈ ಹಿಡೀಲಿಲ್ಲಂದ್ರ ಇಳೀತಿದ್ದೆ."

ಅದು ತಡೆಯಲು ಹೊತ್ತಿತ್ತೋ, ಕರೆಯಲು ಹೊತ್ತಿತ್ತೋ, ನನಗೆ ಇಂದಿಗೂ ತಿಳಿದಿಲ್ಲ.