ವಸುಧಾಳ ಗುರುವಾರಗಳು

ನನ್ನ ನಾದಿನಿ ವಸುಧಾ ನೆರವು ಕೇಳಿಕೊಂಡು ಹೋಗುತ್ತಿದ್ದ ಒಂದೇ ಒಂದು ಬಾಗಿಲನ್ನು ಮುಚ್ಚಿಸಿದವಳು ನಾನು. ಅವಳಿಗೆ ಹರಿಹರದಲ್ಲಿ ಯಾವನದೋ ಸಹವಾಸವಿದೆ ಎಂದು ನನ್ನ ಗಂಡನ ಕಿವಿಗೆ ಹಾಕಿದೆ. ಪಾಪ, ತಪ್ಪು ತಿಳಿದುಕೊಂಡಳು ಎಂದು ಆಮೇಲೆ ಎಲ್ಲರೂ ನನ್ನನ್ನು ಮನ್ನಿಸಿದರು. ಇಲ್ಲ — ನಾನು ತಪ್ಪು ತಿಳಿದುಕೊಂಡಿರಲಿಲ್ಲ. ಹೇಳುತ್ತಿರುವುದು ಸುಳ್ಳೆಂದು ಹೇಳುವಾಗಲೇ ನನಗೆ ಗೊತ್ತಿತ್ತು.

ಆಗ ನಾವು ಮೂವರು ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿದ್ದೆವು: ನಾನು, ನನ್ನ ಗಂಡ, ಅವರ ತಂಗಿ ವಸುಧಾ. ಅವಳಿಗೆ ಇಪ್ಪತ್ತಾರು. ಕಣ್ಣಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಕೆಲಸ. ಗುರುವಾರ ಅರ್ಧ ದಿನ ರಜೆ. ಆ ಬೇಸಿಗೆಯಲ್ಲಿ ಅವಳು ಗುರುವಾರವೂ ಸಂಜೆಗೇ ಮನೆಗೆ ಬರತೊಡಗಿದಳು. ಕೇಳಿದರೆ, "ಟೈಲರಿಂಗ್ ಕ್ಲಾಸ್ ಐತ್ರಿ ಅತ್ತಿಗೆ" ಅಂದಳು. ಹೊಲಿಗೆ ಕಲಿಯುವವಳ ಚೀಲದಲ್ಲಿ ಒಂದು ತುಂಡು ಬಟ್ಟೆ ಇರಲಿಲ್ಲ. ಹೌದು, ಚೀಲ ತಡಕಿದೆ. ಸಿಕ್ಕಿದ್ದು ಹರಿಹರದ ಬಸ್ ಟಿಕೆಟ್. ಅವಳು ಫೋನಿನಲ್ಲಿ ಮಾತಾಡಿದರೆ ಬಾಗಿಲ ಹಿಂದೆ ನಿಂತೆ. ಸ್ನಾನಕ್ಕೆ ಹೋದಾಗ ಫೋನ್ ತೆರೆಯಲು ನೋಡಿದೆ, ಲಾಕ್ ಬದಲಾಗಿತ್ತು.

ಇನ್ನೊಂದೂ ಬದಲಾಗಿತ್ತು. ಅವಳು ಸರಿಯಾಗಿ ಉಣ್ಣುತ್ತಿದ್ದಳು. ಪಾತ್ರೆ ಬಿದ್ದ ಸದ್ದಿಗೆ ಮೊದಲಿನಂತೆ ಬೆಚ್ಚುತ್ತಿರಲಿಲ್ಲ. ಒಂದು ಬೆಳಿಗ್ಗೆ ಬಟ್ಟೆ ಒಣಹಾಕುತ್ತ ಏನನ್ನೋ ಗುನುಗಿದಳು. ಎರಡು ವರ್ಷದ ಮೇಲೆ ಆ ದನಿ ಕೇಳಿ ನನಗೆ ಖುಷಿಯಾಗಬೇಕಿತ್ತು — ಭಯವಾಯಿತು.

ಮುಂದಿನ ಗುರುವಾರ ಅವಳು ಹತ್ತಿದ ಹರಿಹರದ ಬಸ್ಸಿನ ಹಿಂದಿನ ಸೀಟಿನಲ್ಲಿ ತಲೆ ತುಂಬ ಸೆರಗು ಹೊದ್ದು ಕೂತೆ. ದಾರಿಯಲ್ಲಿ ಬಾತಿ ಊರು ದಾಟುವಾಗ ಅವಳೊಮ್ಮೆ ಹಿಂದೆ ತಿರುಗಿದಳು. ಕಂಡಳೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಹರಿಹರದಲ್ಲಿ ಇಳಿದು ಒಂದು ಮೆಡಿಕಲ್ ಶಾಪಿನ ಪಕ್ಕದ ಮೆಟ್ಟಿಲು ಹತ್ತಿದಳು. ನಾನು ಎದುರಿನ ಜೆರಾಕ್ಸ್ ಅಂಗಡಿಯ ನೆರಳಲ್ಲಿ ಕಾದೆ. ಅವನ್ಯಾರು, ವಯಸ್ಸೆಷ್ಟು, ಮದುವೆಯಾದವನೋ... ಒಂದು ಗಂಟೆಯ ಮೇಲೆ ಇಳಿದು ಬಂದಳು. ಕಣ್ಣು ಕೆಂಪಾಗಿದ್ದವು, ನಡಿಗೆ ಮಾತ್ರ ನೆಟ್ಟಗಿತ್ತು.

ಅವಳು ಮರೆಯಾದ ಮೇಲೆ ಮೆಟ್ಟಿಲು ಹತ್ತಿದೆ. ಒಳಗಿದ್ದದ್ದು ಕನ್ನಡಕ ಹಾಕಿದ, ನನ್ನದೇ ವಯಸ್ಸಿನ ಒಬ್ಬ ಹೆಂಗಸು.

"ಈಗ ಹೋದಳಲ್ಲ, ನಾನು ಅವಳ ಅತ್ತಿಗೆ. ಯಾಕ ಬರ್ತಾಳ ಇಲ್ಲಿಗೆ?"

"ಇಲ್ಲಿಗೆ ಬರೋರ ವಿಷಯ ನಾವು ಯಾರಿಗೂ ಹೇಳಂಗಿಲ್ರಿ. ಕೂಡ್ರಿ, ನೀರು ಕೊಡ್ಲಾ?"

ಅವರ ತಲೆಯ ಮೇಲೆ ಗೋಡೆಯಲ್ಲಿ ಬರೆದಿತ್ತು: ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ಇಲ್ಲಿ ಮಾತಾಡಬಹುದು, ನಡೆದದ್ದು ನಿಮ್ಮ ತಪ್ಪಲ್ಲ. ನಾನು ಕೂರಲಿಲ್ಲ.

ಯಾಕೆಂದರೆ ನಡೆದದ್ದು ನನಗೆ ಗೊತ್ತಿತ್ತು. ಅದಕ್ಕೂ ಎರಡು ವರ್ಷ ಹಿಂದೆ, ಬಾತಿಯಲ್ಲಿ ಒಂದು ನಾಮಕರಣಕ್ಕೆ ಹೋದವಳು ತಲೆನೋವೆಂದು ಬೇಗ ಹಿಂದಿರುಗಿದ್ದೆ. ಕುಕ್ಕುವಾಡದಿಂದ ಆಗಾಗ ಬರುತ್ತಿದ್ದ ನನ್ನ ಅಣ್ಣ ಆಗಷ್ಟೇ ನಮ್ಮ ಮನೆಯಿಂದ ಹೊರಬೀಳುತ್ತಿದ್ದ. ನನ್ನ ಮುಖ ನೋಡಲಿಲ್ಲ, ಊಟಕ್ಕೂ ನಿಲ್ಲಲಿಲ್ಲ. ಒಳಗೆ ವಸುಧಾ ಉಟ್ಟ ಬಟ್ಟೆಯಲ್ಲೇ ಬಚ್ಚಲಿನ ನಲ್ಲಿಯ ಕೆಳಗೆ ಕೂತಿದ್ದಳು. "ಅತ್ತಿಗೆ, ನಿಮ್ಮಣ್ಣ —" ಅಂದಳು.

"ಮುಂದ ಹೇಳಬ್ಯಾಡ" ಅಂದೆ ನಾನು. "ಅವನ ಮಗಳಿಗೆ ಗಂಡು ನೋಡಾಕ ಹತ್ಯಾರ."

ಅಷ್ಟೇ. ಆ ಬಟ್ಟೆಗಳನ್ನು ನಾನೇ ಒಗೆದೆ. ಮುಂದಿನ ಹಬ್ಬಕ್ಕೆ ಅಣ್ಣ ಬಂದಾಗ ಹೋಳಿಗೆ ಬಡಿಸಿದೆ. ನೀರು ತಂದಿಡಲು ಅವಳನ್ನು ಕರೆದೆ. ಎರಡು ವರ್ಷ ನಾನು ಅನುಮಾನದಿಂದ ಕಾದದ್ದು ಅವನನ್ನಲ್ಲ, ಅವಳ ಬಾಯಿಯನ್ನು. ಹರಿಹರದವರೆಗೆ ಹಿಂಬಾಲಿಸಿದ್ದೂ, ಯಾವನಾದರೂ ಇದ್ದರೆ ಅವನಿಗೆ ಅವಳು ಎಲ್ಲಿ ಹೇಳಿಬಿಟ್ಟಾಳೋ ಎಂದು.

ಆ ಸಂಜೆಯೇ ಗಂಡನಿಗೆ ಸುಳ್ಳು ಹೇಳಿದೆ. ಅವರು ತಂಗಿಯ ಫೋನ್ ಕಿತ್ತುಕೊಂಡರು, ಕೆಲಸ ಬಿಡಿಸಿದರು. "ನಿಜ ಏನು, ಹೇಳ್" ಎಂದು ಕೂಗಿದಾಗ ವಸುಧಾ ನೋಡಿದ್ದು ತನ್ನ ಅಣ್ಣನನ್ನಲ್ಲ, ನನ್ನನ್ನು. ನಾನು ಸೊಪ್ಪು ಬಿಡಿಸುತ್ತ ಕೂತಿದ್ದೆ.

ಎಂಟು ತಿಂಗಳು ಅವಳು ಆ ಮನೆಯಲ್ಲಿ ಕರಗಿದಳು. ಮತ್ತೆ ಬೆಚ್ಚಿಬೀಳುವುದು, ಅರ್ಧ ಚಪಾತಿಗೆ ಏಳುವುದು. ಒಂದು ಮಧ್ಯಾಹ್ನ ಒಂದೇ ಚೀಲ ಹಿಡಿದು ಹೊರಟೇಬಿಟ್ಟಳು, ಅದೇ ಕನ್ನಡಕದ ಹೆಂಗಸಿನ ಹತ್ತಿರ. ಹರಿಹರದಲ್ಲಿ ಅವಳಿಗೊಂದು ಹಾಸ್ಟೆಲ್ ಕೋಣೆ ಸಿಕ್ಕಿತು, ಕನ್ನಡಕದ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಗುರುವಾರಗಳು ಮತ್ತೆ ಶುರುವಾದವು; ಕಷ್ಟದ ವಾರಗಳೂ ಇದ್ದವಂತೆ. ನಾಲ್ಕು ವರ್ಷ ಕಳೆದ ಮೇಲೆ, ಆ ಹೆಂಗಸನ್ನು ಪಕ್ಕದಲ್ಲಿ ಕೂರಿಸಿಕೊಂಡು, ತನ್ನ ಅಣ್ಣನನ್ನು ಕರೆಸಿ, ನನ್ನ ಅಣ್ಣ ಮಾಡಿದ್ದನ್ನು ಹೇಳಿದಳು. ದೂರು ಕೊಡುತ್ತೇನೆ ಎಂದಳು. ಮನೆಗೆ ಬಂದ ನನ್ನ ಗಂಡ ಜಗುಲಿಯಲ್ಲೇ ಕೂತು ಅತ್ತರು. "ನಿನಗೆ ಗೊತ್ತಿತ್ತಾ?" ಎಂದು ಕೇಳಿದರು. "ಇಲ್ಲ" ಅಂದೆ — ಆಗಲೂ.

ಎರಡು ದಿನ ಬಿಟ್ಟು ವಸುಧಾಳೇ ಫೋನ್ ಮಾಡಿದಳು. "ಅವತ್ತು ಬಚ್ಚಲದಾಗ ನೀವು ಕಂಡಿದ್ದು ನನಗೆ ಗೊತ್ತೈತ್ರಿ ಅತ್ತಿಗೆ. ಹೇಳೋದು ಬಿಡೋದು ನಿಮಗ ಬಿಟ್ಟಿದ್ದು. ನೀವು ಹೇಳಲಿಲ್ಲಂದ್ರೂ ನಾನು ನಿಲ್ಲಂಗಿಲ್ಲ." ದನಿಯಲ್ಲಿ ಬೇಡಿಕೆ ಇರಲಿಲ್ಲ, ಸಿಟ್ಟೂ ಇರಲಿಲ್ಲ.

ಅವತ್ತೇ ಗಂಡನಿಗೆ ಎಲ್ಲ ಹೇಳಿದೆ. ಅವರು ಈಗ ನನ್ನ ಜೊತೆ ಅಗತ್ಯವಿದ್ದಷ್ಟೇ ಮಾತಾಡುತ್ತಾರೆ. ಕಳೆದ ಸೋಮವಾರ ಠಾಣೆಗೆ ಹೋಗಿ ನಾನು ಕಂಡದ್ದು, ಅಂದದ್ದು, ಬಟ್ಟೆ ಒಗೆದದ್ದು ಬರೆಸಿದೆ. ಗಂಡನಿಗೆ ಹೇಳಿದ ಸುಳ್ಳಿನ ಮಾತು ಬಂದಾಗ ಬರೆದುಕೊಳ್ಳುತ್ತಿದ್ದ ಮೇಡಂ ಪೆನ್ನು ತಡೆದು, "ಇದು ಕೇಸಿಗೆ ಬೇಕೇನ್ರಿ?" ಅಂದರು. "ಬರಕೊಳ್ರಿ" ಅಂದೆ.

ಹೊರಗೆ ಬೆಂಚಿನ ಮೇಲೆ ವಸುಧಾ ಕೂತಿದ್ದಳು. ಕ್ಷಮಿಸು ಎಂಬ ಮಾತು ಬಾಯಿತನಕ ಬಂತು. ಕೇಳಿಬಿಟ್ಟರೆ ಅವಳು ಏನಾದರೂ ಉತ್ತರ ಕೊಡಬೇಕಾಗುತ್ತದೆ. ಆ ಭಾರವನ್ನೂ ಅವಳ ಮೇಲೆ ಹೊರಿಸಲಾರದೆ ಸುಮ್ಮನೆ ಅವಳ ಮುಂದಿನಿಂದ ನಡೆದುಹೋದೆ.